ಕಲ್ಲಿದ್ದಲ ಕೋಣೆಯ ಬೀಜಗಣಿತ

ಬೆಳಗಿನ ಐದೂವರೆ. ಕೊರೆವ ಚಳಿಯ ನರಿನ್ ಪಟ್ಟಣದ ಶಾಲೆಯ ನೆಲಮಾಳಿಗೆಯಲ್ಲಿ ಒಲೆ ಉರಿಸುವ ಸೈಕಾಲ್ ಇಪ್ಪತ್ತನೆಯ ಬಕೆಟ್ ಕಲ್ಲಿದ್ದಲನ್ನು ಒಲೆಗೆ ಸುರಿದು, ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ. ಮೇಲಿನ ತರಗತಿಗಳು ಬೆಚ್ಚಗಾಗಲು ಇನ್ನೂ ಇಪ್ಪತ್ತು ಬಕೆಟ್ ಬೇಕು. ಅಷ್ಟರೊಳಗೆ ಸೀಮೆಸುಣ್ಣ ಹಿಡಿದು ಕಲ್ಲಿದ್ದಲ ಕೋಣೆಯ ಬಾಗಿಲ ಮೇಲೆ ಒಂದು ಭಿನ್ನರಾಶಿ ಬರೆಯುತ್ತಾರೆ: ಗೆರೆಯ ಮೇಲೆ a⁵b⁻², ಕೆಳಗೆ a²b⁻³.

ಎದುರಿಗೆ ಮಗುಚಿದ ಬಕೆಟ್ ಮೇಲೆ ಕೂತವಳು ಕನಿಶಾಯ್. ಸಂತೆಯಲ್ಲಿ ಮಾಂಸದ ಕಡುಬು ಮಾರುವ ಇವಳಿಗೆ ನರ್ಸ್ ಆಗುವ ಆಸೆ. ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಸಲ. ಬೀಜಗಣಿತ ಅವಳಿಗೆ ಕಬ್ಬಿಣದ ಕಡಲೆ.

ಅವಳು b⁻⁵ ಎಂದು ಬರೆಯುತ್ತಾಳೆ. "ಎರಡೂ ಮೈನಸ್ ಅಲ್ವಾ ಎಜೆ, ಸೇರಿಸಿಬಿಟ್ಟೆ." ಎಜೆ ಅಂದರೆ ಅವರ ಮಾತಿನಲ್ಲಿ ಅಕ್ಕ.

"ನಮ್ಮ ಡೇರೇಲಿ ಹೆಂಗಸರದ್ದೊಂದು ಕಡೆ, ಗಂಡಸರದ್ದೊಂದು ಕಡೆ ಅಲ್ವಾ? ನಿನ್ನ ಡೇರೆಗೆ ಬಂದ ನೆಂಟನೊಬ್ಬ ಹೆಂಗಸರ ಕಡೆ, ಪಾತ್ರೆಗಳ ಮಧ್ಯೆ ಕೂತ ಅನ್ನು. ಏನ್ಮಾಡ್ತೀಯ?"

"ಎಬ್ಬಿಸಿ ಗಂಡಸರ ಕಡೆ ಕಳಿಸ್ತೀನಿ."

"ಋಣ ಘಾತಾಂಕವೂ ಅಂಥ ನೆಂಟನೇ ಕಣೇ. ಜಾಗ ತಪ್ಪಿ ಕೂತು ಮುಖ ಸಿಂಡರಿಸ್ತಾನೆ. ಗೆರೆ ದಾಟಿಸು, ಸರಿಹೋಗ್ತಾನೆ."

ಕೆಳಗಿನ b⁻³ ಮೇಲೆ ಹೋಗಿ b³ ಆಗುತ್ತದೆ, ಮೇಲಿನದು ಕೆಳಗಿಳಿದು b². ಮೇಲಿನ ಘಾತಾಂಕಗಳಿಂದ ಕೆಳಗಿನವನ್ನು ಕಳೆದರೆ ಉಳಿಯುವುದು a³b. ಕನಿಶಾಯ್ ಬಾಗಿಲನ್ನೇ ನೋಡುತ್ತಾಳೆ. "ಇಷ್ಟೇನಾ? ಇದಕ್ಕಾ ನಾನು ಎರಡು ವರ್ಷ ಅತ್ತಿದ್ದು?"

ಸೈಕಾಲ್ ಒಂದು ಕಾಲಕ್ಕೆ ಬೆಟ್ಟದ ಹಳ್ಳಿಯೊಂದರ ಗಣಿತದ ಮೇಡಂ. ಕುರಿ ಸಾಕುವ ಸರ್ಕಾರಿ ಸಂಘ ಮುಚ್ಚಿತು, ಜನ ಚದುರಿದರು, ಶಾಲೆಗೂ ಬೀಗ ಬಿತ್ತು. ಪಟ್ಟಣಕ್ಕೆ ಬಂದಾಗ ಖಾಲಿ ಇದ್ದದ್ದು ಒಲೆಯ ಕೆಲಸವೊಂದೇ. ಹತ್ತೊಂಬತ್ತು ಚಳಿಗಾಲಗಳಿಂದ ದಿನಕ್ಕೆ ನಲವತ್ತು ಬಕೆಟ್, ಹತ್ತು ಲೆಕ್ಕ. ದರ್ಜಿಗಳು, ಲಾರಿ ಚಾಲಕರು, ಕಡುಬಿನವರು ಇಲ್ಲಿ ಕಲಿತು ಹೋಗಿದ್ದಾರೆ. ಉಪಾಧ್ಯಾಯರೊಬ್ಬರು ಮಾತ್ರ ಮೆಟ್ಟಿಲ ಮೇಲಿಂದಲೇ ಕುಟುಕುತ್ತಾರೆ: "ಏನಮ್ಮಾ, ನಿನ್ನ ವಿಶ್ವವಿದ್ಯಾಲಯದಲ್ಲಿ ಹೊಗೆ ಜಾಸ್ತಿಯಾಯ್ತಾ?"

"ಅನ್ನಲಿ ಬಿಡು. ಅವರ ಕೋಣೆ ಬೆಚ್ಚಗಿರೋದೂ ಇದೇ ಒಲೆಯಿಂದ," ಎಂದು ಕನಿಶಾಯ್‌ಗೆ ಹೇಳುತ್ತಾರೆ ಸೈಕಾಲ್.

ಫಲಿತಾಂಶದ ದಿನ ಕನಿಶಾಯ್ ಮೆಟ್ಟಿಲು ಹಾರಿಕೊಂಡು ಬರುತ್ತಾಳೆ. ಪಾಸು. ಘಾತಾಂಕದ ಐದಕ್ಕೆ ಐದೂ ಸರಿ. ಸೈಕಾಲ್ ಅವರ ಕಲ್ಲಿದ್ದಲ ಕೈಗಳನ್ನೇ ಹಿಡಿದು ಕುಣಿಸುತ್ತಾಳೆ, ಕಡುಬು ಮಾರುವಾಗ ತೊಡುವ ಬಿಳಿ ಕೋಟು ಕಪ್ಪಾಗುವುದನ್ನೂ ಲೆಕ್ಕಿಸದೆ.

ಅವಳು ಹೋದ ಮೇಲೆ ಅವರು ಸಲಿಕೆಗೆ ಒರಗಿ ನಿಂತು ತಮಗೆ ತಾವೇ ಹೇಳಿಕೊಳ್ಳುತ್ತಾರೆ. "ಕಾಲೇಜಿನ ಅರ್ಜೀಲಿ ಗಣಿತ ಕಲಿಸಿದವರ ಹೆಸರು ಕೇಳಿದ್ರಂತೆ. ನನ್ನ ಹೆಸರು ಬರೆದು, ಪಕ್ಕದಲ್ಲಿ 'ಶಿಕ್ಷಕಿ' ಅಂತ ಹಾಕಿದ್ದಾಳೆ. ಹತ್ತೊಂಬತ್ತು ವರ್ಷ ಆಗಿತ್ತು, ಯಾರಾದ್ರೂ ನನ್ನನ್ನ ಹಾಗೆ ಬರೆದು."