ಸಹಿ ಹಾಕದ ಎಲೆಯಕ್ಕ

ಬೆಳಗಿನ ಆರು ಗಂಟೆ. ಏಣಿಯ ಮೇಲೆ ನಿಂತ ಐವತ್ತಮೂರರ ಹೆಂಗಸು ಕೊಕ್ಕೆಗೋಲಿನಿಂದ ಕೊಂಬೆ ಬಗ್ಗಿಸಿ, ಐದೇ ಐದು ಎಲೆ ಕತ್ತರಿಸಿ ಒದ್ದೆ ಕಾಗದದಲ್ಲಿ ಸುತ್ತುತ್ತಾರೆ. ಬಾಡುವ ಮುನ್ನ ತೂಗಬೇಕು, ದಪ್ಪ ಅಳೆಯಬೇಕು. ದಿನಕ್ಕೆ ಹನ್ನೆರಡು ಮರ, ಅರವತ್ತು ಎಲೆ. ಕಾಡು ಮರಳಿ ಬೆಳೆಯುವ ಬಗೆಯನ್ನು ಅಭ್ಯಾಸ ಮಾಡುವ ಸಂಶೋಧನಾ ಕೇಂದ್ರದ ಈ ದಿನಗೂಲಿ ಕೆಲಸಗಾರ್ತಿಯನ್ನು ಎಲ್ಲರೂ ಕರೆಯುವುದು ಎಲೆಯಕ್ಕ ಎಂದೇ.

ಈಗ ಕಾಡಾಗಿರುವ ಈ ನೆಲ ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯ ಕಬ್ಬಿನ ಗದ್ದೆ. ಎಲೆಯಕ್ಕ ಕಬ್ಬು ಕಡಿದದ್ದು ಇಲ್ಲೇ, ಎಡಗೈ ಕಿರುಬೆರಳಿನ ತುದಿ ಕಳೆದುಕೊಂಡದ್ದೂ ಇಲ್ಲೇ. ಇಪ್ಪತ್ತೇಳು ವರ್ಷಗಳ ಹಿಂದೆ ಕಾರ್ಖಾನೆ ಮುಚ್ಚಿತು. ಆಮೇಲೆ ಇತ್ತ ಯಾರೂ ತಿರುಗಿ ನೋಡಲಿಲ್ಲ.

"ನಾನು ನೋಡ್ದೆ," ಎನ್ನುತ್ತಾರೆ. "ಮೊದ್ಲು ಬಂದ ಗಿಡಗಳಿಗೆ ಭಾರಿ ಅವಸರ. ತೆಳು ಎಲೆ, ಬೆಂಡಿನಂಥ ಕಾಂಡ, ಗಾಳಿಗೆ ಹಾರೋ ಬೀಜ. ಅವುಗಳ ನೆರಳಲ್ಲಿ ಬೇರೆ ಜಾತಿ ಹುಟ್ಟಿದ್ವು. ನಿಧಾನ ಅಂದ್ರೆ ನಿಧಾನ. ದಪ್ಪ ಎಲೆ, ಗಟ್ಟಿ ಮರ. ಬೀಜ ಎಷ್ಟು ದೊಡ್ಡದು ಅಂದ್ರೆ, ಹಕ್ಕಿ ನುಂಗಿ ತಂದ್ರೇನೇ ಉಂಟು."

ಮನೆಯಲ್ಲಿ ನಾದಿನಿಯ ಕುಹಕ ತಪ್ಪಿದ್ದಲ್ಲ: "ಎಲೆ ಅಳೆಯೋದೂ ಒಂದು ಕೆಲಸಾನಾ ಅತ್ತಿಗೆ? ನಾಳೆ ಮರಕ್ಕೆ ಅಂಗಿ ಹೊಲೀತೀರಾ?"

ಕಳೆದ ತಿಂಗಳು ಸರ್ವೇ ಅಧಿಕಾರಿ ಬಂದರು. 'ಪಾಳು ಜಮೀನು, ಪೊದೆ ಬೆಳೆದಿದೆ, ಗೋದಾಮಿಗೆ ಸಮತಟ್ಟು ಮಾಡಬಹುದು' ಎಂದು ರಸ್ತೆಬದಿಯಲ್ಲೇ ನಿಂತು ಬರೆದರು. ಸಾಕ್ಷಿಗೆಂದು ಎಲೆಯಕ್ಕನ ಸಹಿ ಕೇಳಿದರು. ಎಲೆಯಕ್ಕ ಪೆನ್ನು ಮುಟ್ಟಲಿಲ್ಲ. ರಸ್ತೆ ಪಕ್ಕದ ಎಳೆಮರದ ಒಂದು ಎಲೆ, ಕಾಡಿನ ಒಳಗಿನ ಮರದ್ದೊಂದು ಎಲೆ ತಂದು ಅಧಿಕಾರಿಯ ಕೈಗಿಟ್ಟರು.

"ಹರೀರಿ ಸಾರ್."

ಮೊದಲನೆಯದು ಪರ್ರನೆ ಹರಿಯಿತು. ಎರಡನೆಯದು ಎಷ್ಟು ಜಗ್ಗಿದರೂ ಜಪ್ಪಯ್ಯ ಅನ್ನಲಿಲ್ಲ.

"ಪೊದೆ ನೋಡಿದ್ರಿ, ಈಗ ಕಾಡನ್ನೂ ನೋಡಿದ್ರಿ. ಸುಳ್ಳಿಗೆ ನನ್ನ ಸಹಿ ಇಲ್ಲ."

"ಕೆಲಸ ಹೋಗುತ್ತೆ, ಗೊತ್ತಾ ಅಮ್ಮಾ?"

"ಹೋಗ್ಲಿ. ಕೆಲಸ ಇನ್ನೊಂದು ಹುಡುಕ್ತೀನಿ. ಇಂಥ ಮರ ನೀವು ಎಲ್ಲಿಂದ ತರ್ತೀರಿ?"

ಕೆಲಸ ಹೋಗಲಿಲ್ಲ. ಎಲೆಯಕ್ಕನ ಒಂಬತ್ತು ವರ್ಷಗಳ ಅಳತೆಗಳನ್ನೆಲ್ಲ ಲಗತ್ತಿಸಿ ಕೇಂದ್ರ ಆಕ್ಷೇಪಣೆ ಸಲ್ಲಿಸಿತು. ಈಗ ಮರುಸರ್ವೇಗೆ ಆದೇಶವಾಗಿದೆ. ತೀರ್ಮಾನ ಏನಾಗುವುದೋ ಯಾರಿಗೂ ಗೊತ್ತಿಲ್ಲ.

ನಿಮ್ಮ ಆಸೆಯೇನು ಎಂದು ಕೇಳಿದರೆ ಎಲೆಯಕ್ಕ ಏಣಿಯನ್ನು ಹೆಗಲಿಗೇರಿಸುತ್ತಾರೆ.

"ಬರೋರು ಗಟ್ಟಿ ಬೂಟು ಹಾಕ್ಕೊಂಡು ಬರ್ಲಿ. ಒಳಗೆ ನಾನೂರ ಹನ್ನೆರಡು ಮರ ಇವೆ. ಒಂದೊಂದನ್ನೂ ಮುಟ್ಟಿಸೇ ಕಳಿಸ್ತೀನಿ."