ಮೂರು ಸಲ ಕೂಗಿದರೂ ಬಾರದ ಮೆಕ್ಯಾನಿಕ್

ಸೊರಬದಲ್ಲಿ ನನ್ನ ಬೈಕ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗೆ ಕಿವಿ ಕೇಳಿಸುತ್ತಿರಲಿಲ್ಲ. ಸ್ಕ್ರೂಡ್ರೈವರ್‌ನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಇಂಜಿನ್ನಿನ ಅದುರುವಿಕೆಯಲ್ಲೇ ಅವರಿಗೆ ದೋಷ ಸಿಗುತ್ತಿತ್ತು. ನಾವು ಏನು ಹೇಳಿದರೂ ಉತ್ತರ ಒಂದೇ: "ಆಗ್ಲಿ ಬಿಡ್ರೀ, ನೋಡಾಣ."

ಚಂದ್ರಗುತ್ತಿಯಲ್ಲಿದ್ದ ಮೊಮ್ಮಗಳು ಮಾತು ಕಲಿತ ಮೇಲೆ ಅವರಿಗೆ ಶ್ರವಣಯಂತ್ರ ಬೇಕೆನಿಸಿತು. ಶಿಕಾರಿಪುರದಲ್ಲಿ ಅದನ್ನು ಉಚಿತವಾಗಿ ಕೊಡುವ ಶಿಬಿರ ನಡೆದಾಗ ನಾನೇ ಕರೆದುಕೊಂಡು ಹೋದೆ. ನಾನು ಟೀ ಕುಡಿದು ಬರುವಷ್ಟರಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರು ಎಂದು ಬರೆದಾಗಿತ್ತು.

"ಮೂರು ಸಲ ಕೂಗಿದ್ವಿ, ಎದ್ದು ಬರ್ಲಿಲ್ಲ," ಎಂದ ಗುಮಾಸ್ತ.

"ಕಿವಿ ಕೇಳೋದಾಗಿದ್ರೆ ಇಲ್ಲಿಗ್ಯಾಕ್ರೀ ಬರ್ತಿದ್ರು?" ಎಂದೆ.

"ಅದ್ಕೇ ರೀ, ಮೈಕಲ್ಲೇ ಕೂಗಿದ್ದು."

ಪಕ್ಕದಲ್ಲಿದ್ದ ಮೆಕ್ಯಾನಿಕ್, "ಆಗ್ಲಿ ಬಿಡ್ರೀ, ನೋಡಾಣ," ಎಂದರು.

ಅಷ್ಟರಲ್ಲಿ ಹೊರಗಿದ್ದ ಜನರೇಟರ್ ತಡವರಿಸತೊಡಗಿ, ಕಿವಿ ಪರೀಕ್ಷಿಸುವ ಯಂತ್ರ ಕೈಕೊಟ್ಟಿತು. ಮೆಕ್ಯಾನಿಕ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಕಚ್ಚಿ, ಹತ್ತೇ ನಿಮಿಷದಲ್ಲಿ ಜನರೇಟರನ್ನು ಸರಿಮಾಡಿದರು.

ಗುಮಾಸ್ತ ಬೆರಗಾಗಿ ನಿಂತ. "ಇಂಜಿನ್ ಸದ್ದೇ ಇಷ್ಟು ಚೆನ್ನಾಗಿ ಕೇಳ್ತದೆ! ಇವ್ರಿಗೆ ಮಷಿನ್ ಯಾಕ್ರೀ? ಆಗಲ್ಲ, ಆಗಲ್ಲ."

ಅವನು ತಲೆಯಾಡಿಸಿದ್ದನ್ನು ನೋಡಿಯೇ ಮೆಕ್ಯಾನಿಕ್‌ಗೆ ಎಲ್ಲ ತಿಳಿಯಿತು. ಅವರ ಮುಖ ಕೆಂಪಾಯಿತು. ಹೋಗಿ ಜನರೇಟರ್ ನಿಲ್ಲಿಸಿದರು. ಅದರ ಇಂಜಿನ್ನಿನ ಬಿಸಿಯಾಗಿದ್ದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮೊದಲ ಸಾಲಿನ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತರು.

ಸ್ವಲ್ಪ ಹೊತ್ತಿಗೆ ಗುಮಾಸ್ತ ತಾನೇ ಎದ್ದು ಬಂದು, ಮೆಲ್ಲಗೆ ಅವರ ಭುಜ ಮುಟ್ಟಿ ಪರೀಕ್ಷೆಗೆ ಕರೆದ.