ಒಂದೇ ಪತ್ರ, ಮೂರು ಸಹಿ

ಚಿಕ್ಕಲಸಂದ್ರದಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇರುವುದು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಕೆಳಗಿನವನು ಹಲ್ಲು ಕೆಡಿಸುತ್ತಾನೆ, ಮೇಲಿನವಳು ಸರಿಮಾಡುತ್ತಾಳೆ, ಇಬ್ಬರಿಗೂ ಒಳ್ಳೆ ಒಪ್ಪಂದ ಇದೆ ಎಂದು ಬೀದಿಯವರು ಆಡಿಕೊಳ್ಳುತ್ತಾರೆ. ಇಪ್ಪತ್ತೆಂಟು ವರ್ಷ ಜನರ ಬಾಯೊಳಗೆ ಕೈಯಿಟ್ಟು ನನಗೊಂದು ಕೆಟ್ಟ ಅಭ್ಯಾಸವಾಗಿದೆ. ನಾನು ಮಾತಾಡುತ್ತೇನೆ, ಎದುರಿನವರು ಉತ್ತರ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ. ಇದರಿಂದಲೇ ನನ್ನ ಬಾಯಿ ಇಷ್ಟು ಜೋರಾಗಿರುವುದು ಎನ್ನುವುದು ನನ್ನ ಸಹಾಯಕಿಯ ಅಭಿಪ್ರಾಯ. ಹತ್ತೊಂಬತ್ತು ವರ್ಷದಿಂದ ಜೊತೆಗಿದ್ದಾಳೆ. ಅಭಿಪ್ರಾಯ ಕೇಳದಿದ್ದರೂ ಹೇಳುತ್ತಾಳೆ.

ಒಂದು ಬೆಳಿಗ್ಗೆ ಒಬ್ಬ ಹುಡುಗಿ ಬಂದಳು. ಹಣೆಯಲ್ಲಿ ವಿಭೂತಿಯ ತೆಳುವಾದ ಗೆರೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಯಾವ ಹಲ್ಲು ಎಂದು ಕೇಳಿದೆ. ಹಲ್ಲಿಗೇನೂ ಆಗಿಲ್ಲ, ತಾನೂ ಹಲ್ಲಿನ ಡಾಕ್ಟರೇ ಎಂದಳು. ಊರು ಬಾಗಲಕೋಟೆ ಕಡೆ. ಇಲ್ಲಿ ಬಿಟಿಎಂ ಲೇಔಟಿನಲ್ಲಿ ಅಣ್ಣನ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಬಿಡಿಎಸ್ ಮುಗಿಸಿ ಹೊರದೇಶದ ಡೆಂಟಲ್ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಖಾಸಗಿ ಕ್ಲಿನಿಕ್ಕಿನಲ್ಲಿ ಒಬ್ಬ ಡಾಕ್ಟರ ಹಿಂದೆ ನೂರು ಗಂಟೆ ನಿಂತು ನೋಡಿದ್ದಕ್ಕೆ ಅವರಿಗೆ ಪುರಾವೆ ಬೇಕಂತೆ, ಜೊತೆಗೆ ಆ ಡಾಕ್ಟರ ಶಿಫಾರಸು ಪತ್ರ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರಂತೆ.

"ಅಂದ್ರೆ ನೀನು ಏನ್ ಮಾಡ್ತೀಯ?" ಎಂದೆ.

"ಏನೂ ಮಾಡಂಗಿಲ್ರಿ ಮೇಡಂ. ನಿಂತು ನೋಡೂದಷ್ಟ."

"ಅದನ್ನ ನಮ್ಮತ್ತೆ ಮೂವತ್ತು ವರ್ಷ ಮಾಡಿದ್ರು. ಅವ್ರಿಗೆ ಯಾರೂ ಸರ್ಟಿಫಿಕೇಟ್ ಕೊಡ್ಲಿಲ್ಲ."

ಸಹಾಯಕಿ ನಕ್ಕಳು. ಹುಡುಗಿ ನಗಲಿಲ್ಲ. ಹೋದ ವರ್ಷ ಆರು ಕಾಲೇಜಿಗೆ ಹಾಕಿದ್ದಳಂತೆ, ಆರೂ ಕಾರಣ ಹೇಳದೆ ಇಲ್ಲ ಎಂದಿದ್ದವು. ಮನೆಯವರು ಇನ್ನೊಂದೇ ವರ್ಷ ಎಂದು ಗಡುವು ಕೊಟ್ಟಿದ್ದರು. ಈ ಸಲವೂ ಆಗದಿದ್ದರೆ ಊರಿಗೆ ವಾಪಸ್ಸು, ಆಮೇಲೆ ಅವರು ತೋರಿಸಿದ ಗಂಡು. ಜಯನಗರದಲ್ಲಿ ನಾಲ್ಕು ಕ್ಲಿನಿಕ್ ಕೇಳಿ, ಜಾಗ ಇಲ್ಲ ಎನ್ನಿಸಿಕೊಂಡು ನನ್ನ ಮೆಟ್ಟಿಲು ಹತ್ತಿದ್ದಳು. ನಾಳೆಯಿಂದ ಹತ್ತಕ್ಕೆ ಬಾ ಎಂದೆ.

ಹಿಂದೆ ಒಬ್ಬರು ನಿಂತು ನೋಡುತ್ತಿದ್ದರೆ ಮನುಷ್ಯ ಏನಾಗುತ್ತಾನೆ ಎಂಬುದು ನನಗೆ ಆಗ ಗೊತ್ತಾಯಿತು. ಮೊದಲ ವಾರ ನಾನು ಇಂಗ್ಲಿಷಿನಲ್ಲಿ ಮಾತಾಡತೊಡಗಿದೆ. ಹೂವು ಮಾರುವ ಆಂಟಿಗೆ ಒಸಡಿನ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಆಕೆ ನನ್ನನ್ನು ಬಿಟ್ಟು ಸಹಾಯಕಿಯನ್ನು ಕೇಳಿದರು, "ಡಾಕ್ಟ್ರಮ್ಮಂಗೆ ಇವತ್ತು ಏನಾಗಿದೆ?" ಕೈಗವಸು ಎಳೆದುಕೊಳ್ಳುವುದರಲ್ಲೂ ಒಂದು ಠೀವಿ ಬಂದಿತ್ತು. ಹುಡುಗಿ ಮೂಲೆಯಲ್ಲಿ ಕೈಕಟ್ಟಿ ನಿಂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನ್ನ ಕೈಚಳಕ ನೋಡಿ ಬೆರಗಾಗಿದ್ದಾಳೆ ಎಂದುಕೊಂಡು ಉಬ್ಬಿದ್ದೆ.

ಆ ಗಾಳಿ ಇಳಿಸಿದವರು ತಲಘಟ್ಟಪುರದಿಂದ ಬರುವ ಒಬ್ಬ ನಿವೃತ್ತ ಮೇಷ್ಟರು. ಅವರ ದವಡೆ ಹಲ್ಲು ಕೀಳಬೇಕಿತ್ತು. ಸಿರಿಂಜು ಕಂಡು ಎರಡು ಸಲ ಎದ್ದು ಹೋಗಿದ್ದರು. ಮೂರನೆಯ ಸಲ ಬಂದು ಕೂತಾಗ ನಾನು ಎಂದಿನಂತೆ, "ಏನೂ ಆಗಲ್ಲ ಸಾರ್, ಇರುವೆ ಕಚ್ಚಿದ ಹಾಗೆ" ಎಂದೆ. ಮೇಷ್ಟರು ನನ್ನ ಮುಖ ನೋಡಲೇ ಇಲ್ಲ. ಮೂಲೆಯಲ್ಲಿದ್ದ ಹುಡುಗಿಯ ಕಡೆ ತಿರುಗಿ, "ನೀನ್ ಹೇಳಮ್ಮ, ಹೌದಾ?" ಎಂದರು.

ನಾನು ಹಿಂದಿನಿಂದ ಕಣ್ಣು ಕೆಕ್ಕರಿಸಿದೆ. ಅವಳು ಅದನ್ನು ನೋಡಿಯೂ ಹೇಳಿದಳು, "ಸೂಜಿ ಚುಚ್ಚಿದಾಗ ನೋವು ಆಗತೈತ್ರಿ ಸರ. ಸ್ವಲ್ಪಲ್ಲ, ಚೊಲೋನ ಆಗತೈತಿ. ಆಮ್ಯಾಲ ಹಲ್ಲು ಜಗ್ಗೂದು ಗೊತ್ತಾಗತೈತಿ, ನೋವು ಗೊತ್ತಾಗಂಗಿಲ್ಲ."

ಹೋಯಿತು, ಮೇಷ್ಟರು ಎದ್ದರು ಎಂದುಕೊಂಡೆ. ಅವರು ಏಳಲಿಲ್ಲ. ಒಂದು ಉಸಿರು ಎಳೆದುಕೊಂಡು ಬಾಯಿ ತೆರೆದರು. ಹಲ್ಲು ಬಂತು. ಹೋಗುವಾಗ ಹತ್ತಿ ಕಚ್ಚಿಕೊಂಡೇ ನನ್ನ ಕಡೆ ಬೆರಳು ತೋರಿಸಿ, "ಇರುವೆಯಂತೆ, ಇರುವೆ!" ಎಂದು ಗೊಣಗಿದರು. ಎರಡೇ ವಾರದಲ್ಲಿ ಸುದ್ದಿ ಎಲ್ಲ ಕಡೆ ಹಬ್ಬಿತು. ಫೋನು ಮಾಡಿದವರು ಡಾಕ್ಟರಿದ್ದಾರಾ ಎಂದು ಕೇಳುವುದು ಬಿಟ್ಟು, "ನಿಜ ಹೇಳೋ ಹುಡುಗಿ ಬಂದಿದಾಳಾ?" ಎಂದು ಕೇಳತೊಡಗಿದರು. ನನಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ ಮುಚ್ಚಿಟ್ಟುಕೊಂಡು ಆಗಬೇಕಾದದ್ದೇನು?

ನೂರು ಗಂಟೆ ಮುಗಿಯುತ್ತ ಬಂದು ಪತ್ರದ ಸಮಯ ಬಂತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಜೀವನದಲ್ಲಿ ಯಾರಿಗೂ ಶಿಫಾರಸು ಪತ್ರ ಬರೆದವಳಲ್ಲ, ಬರೀ ಸಹಿ ಹಾಕಿದವಳು. ನಮ್ಮಲ್ಲಿ ಪದ್ಧತಿಯೇ ಹಾಗೆ. ಕೇಳಲು ಬಂದವರೇ ಬರೆದುಕೊಂಡು ಬರುತ್ತಾರೆ, ದೊಡ್ಡವರು ಪೆನ್ನು ಹುಡುಕುತ್ತಾರೆ. ಎಷ್ಟೋ ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ತಂದ ಪತ್ರ ನನ್ನ ಕಂಪ್ಯೂಟರಿನಲ್ಲಿ ಹಾಗೇ ಕೂತಿತ್ತು. ಯಾರು ಬಂದರೂ ಹೆಸರು ಬದಲಾಯಿಸುವುದು, ನೆನಪಾದರೆ ಅವನು ಎಂದಿದ್ದಲ್ಲಿ ಅವಳು ಎಂದು ಮಾಡುವುದು, ಸಹಿ ಹಾಕುವುದು. ಪೂರ್ತಿಯಾಗಿ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಅವಳಿಗೂ ಅದನ್ನೇ ಪ್ರಿಂಟು ತೆಗೆದು ಕೊಟ್ಟು, "ಹೆಸರಿನ ಸ್ಪೆಲಿಂಗ್ ಸರಿ ಇದೆಯಾ ನೋಡ್ಕೊಂಬಿಡು" ಎಂದೆ.

ಅವಳು ಕಿಟಕಿಯ ಹತ್ತಿರ ನಿಂತು ಓದಿದಳು. ಬಹಳ ಹೊತ್ತು ಓದಿದಳು. ಆಮೇಲೆ ಫೈಲಿನಿಂದ ಇನ್ನೆರಡು ಹಾಳೆ ತೆಗೆದು ನನ್ನ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಳು. ಅವು ಅವಳ ಕಾಲೇಜಿನ ಇಬ್ಬರು ಪ್ರೊಫೆಸರರು ಕೊಟ್ಟ ಪತ್ರಗಳ ಪ್ರತಿಗಳು. ಮೂರೂ ಒಂದೇ. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ. ಮೂರರಲ್ಲೂ ಮೂರನೆಯ ಪ್ಯಾರಾದಲ್ಲಿ, ಈಕೆ ಬಾಲ್ಯದಿಂದ ವೀಣೆ ನುಡಿಸುತ್ತಿರುವುದರಿಂದ ಇವಳ ಬೆರಳುಗಳಲ್ಲಿ ಅಪರೂಪದ ಸೂಕ್ಷ್ಮತೆ ಇದೆ ಎಂದಿತ್ತು.

"ನಿಂಗೆ ವೀಣೆ ಬರತ್ತಾ?" ಎಂದು ಕೇಳಿದೆ.

"ಇಲ್ರಿ ಮೇಡಂ. ಮುಟ್ಟಿ ಸೈತ ನೋಡಿಲ್ರಿ."

ನನಗೆ ನಗು ತಡೆಯಲಾಗಲಿಲ್ಲ. ಯಾವ ಕಾಲದಲ್ಲೋ ನಿಜವಾಗಿ ವೀಣೆ ಕಲಿತ ಒಬ್ಬ ಹುಡುಗಿ ತನಗಾಗಿ ಬರೆದುಕೊಂಡ ಪತ್ರವಿದು. ಹಿರಿಯರಿಂದ ಕಿರಿಯರಿಗೆ, ಕಾಲೇಜಿನಿಂದ ಕ್ಲಿನಿಕ್ಕಿಗೆ, ಜೆಪಿ ನಗರದಿಂದ ಬನಶಂಕರಿಗೆ ಕೈ ಬದಲಾಯಿಸುತ್ತ ನಮ್ಮೆಲ್ಲರ ಕಂಪ್ಯೂಟರಿಗೂ ಬಂದಿದೆ. ಬೆಂಗಳೂರಿನಲ್ಲಿ ವೀಣೆ ಬರದವರಿಗೆ ಹಲ್ಲು ಮುಟ್ಟಲು ಬಿಡುವುದಿಲ್ಲ ಎಂದು ಆ ದೇಶದವರು ನಂಬಿರಬೇಕು. ಇದೇ ಪತ್ರಕ್ಕೆ ನಾನು ಒಬ್ಬ ಕಬಡ್ಡಿ ಆಟಗಾರನ ಹೆಸರಿನಲ್ಲೂ ಸಹಿ ಹಾಕಿದ್ದೆ. ಸಹಾಯಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

"ಹ್ವಾದ ವರ್ಷನೂ ಇವ ಪತ್ರ ಹೋಗಿರಬೇಕ್ರಿ" ಎಂದಳು ಹುಡುಗಿ. "ಆಗ ನನಗ ತೋರಿಸಿರಲಿಲ್ಲ. ಈ ಸಲ ಇಬ್ಬರದೂ ಒಂದ ಥರ ಐತಿ ಅಂತ ಗೊತ್ತಾತು, ಆದ್ರ ಸರ್ ಮುಂದ ಹೆಂಗ ಹೇಳೂದ್ರಿ? ಎರಡೂ ಕಳಿಸಿಬಿಟ್ಟಾರ. ನಿಮ್ಮದಾದ್ರೂ ಬ್ಯಾರೆ ಇರತೈತಿ ಅನ್ಕೊಂಡಿದ್ನಿರಿ."

ನಗು ಅಲ್ಲಿಗೇ ನಿಂತಿತು. ಆರು ಕಾಲೇಜು ಯಾಕೆ ಬೇಡ ಎಂದವು ಎಂದು ಆ ಹುಡುಗಿ ಒಂದು ವರ್ಷ ತನ್ನಲ್ಲೇ ತಪ್ಪು ಹುಡುಕಿಕೊಂಡಿದ್ದಳು. ನಾನು ಸಹಿ ಹಾಕಿ ಕಳಿಸಿದವರೂ ಎಷ್ಟು ಜನ ಹಾಗೆ ಹುಡುಕಿಕೊಂಡರೋ! ನನಗೆ ನಾಚಿಕೆಯಾಯಿತು. ಕಡೆಯ ದಿನಕ್ಕೆ ನಾಲ್ಕೇ ದಿನವಿತ್ತು. "ಹೊಸದು ಬರೀತೀನಿ, ನಾನೇ ಬರೀತೀನಿ" ಎಂದೆ.

ಹೇಳುವುದು ಸುಲಭ. ಇಪ್ಪತ್ತೆಂಟು ವರ್ಷ ಔಷಧಿ ಚೀಟಿ ಬಿಟ್ಟು ಬೇರೇನೂ ಬರೆಯದವಳು ನಾನು. ಈಕೆ ನನಗೆ ಎರಡು ತಿಂಗಳಿಂದ ಗೊತ್ತು ಎಂದು ಮೊದಲ ಸಾಲು ಬರೆದೆ. ಎರಡನೆಯದು ಬರಲಿಲ್ಲ. ಈಕೆ ಒಳ್ಳೆಯವಳು ಎಂದು ಬರೆದು ಹೊಡೆದು ಹಾಕಿದೆ. ಅವಳು ನೂರು ಗಂಟೆ ನನ್ನನ್ನು ನೋಡಿದ್ದಳು, ನಾನು ಅವಳನ್ನು ಒಂದು ಗಂಟೆಯೂ ನೋಡಿರಲಿಲ್ಲ. ಅವಳ ಕೈ ಹೇಗೆ ಕೆಲಸ ಮಾಡುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

"ಅವ್ಳ ಕೈಲಿ ಒಂದು ಕೇಸ್ ಮಾಡ್ಸಿ ನೋಡಿ ಮೇಡಂ. ಅವ್ಳೂ ಡಾಕ್ಟ್ರೇ ತಾನೇ" ಎಂದಳು ಸಹಾಯಕಿ.

"ಯಾವ ಪೇಷಂಟ್ ಒಪ್ತಾರೆ?"

"ಯಾಕೆ, ನೀವೇ ಇದೀರಲ್ಲ. ಎರಡು ವರ್ಷದಿಂದ ಒಂದೇ ಕಡೆ ಅಗೀತಿದೀರ. ನಂಗೇನ್ ಗೊತ್ತಿಲ್ವಾ?"

ಗೊತ್ತಿರುವುದನ್ನು ಬಾಯಿಬಿಡದೆ ಇಟ್ಟುಕೊಳ್ಳುವ ಗುಣ ಅವಳಿಗೆ ದೇವರು ಕೊಟ್ಟಿಲ್ಲ. ನನ್ನ ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಹುಳುಕಾಗಿತ್ತು. ನಾಳೆ ತೋರಿಸೋಣ, ನಾಡಿದ್ದು ತೋರಿಸೋಣ ಎಂದು ಮುಂದೂಡುತ್ತಿದ್ದೆ. ನಿಜ ಹೇಳಬೇಕೆಂದರೆ, ನನಗೆ ಸೂಜಿ ಎಂದರೆ ಪ್ರಾಣಭಯ.

ಮರುದಿನ ಮಧ್ಯಾಹ್ನ ಬಾಗಿಲು ಹಾಕಿಸಿ, ಎಷ್ಟೋ ಸಾವಿರ ಜನರನ್ನು ಕೂರಿಸಿದ ಕುರ್ಚಿಯಲ್ಲಿ ನಾನು ಒರಗಿದೆ. ಮೊದಲು ಕಣ್ಣಿಗೆ ಬಿದ್ದದ್ದು ಚಾವಣಿಯಲ್ಲಿ ನೀರಿಳಿದು ಆದ ದೊಡ್ಡ ಕಲೆ, ಅದರ ಪಕ್ಕದಲ್ಲಿ ಜೇಡರ ಬಲೆ. ಪೇಷಂಟುಗಳು ಇಷ್ಟು ವರ್ಷ ಇದನ್ನೇ ನೋಡುತ್ತ ಮಲಗಿದ್ದರೇ? ಒಬ್ಬರಾದರೂ ಹೇಳಬಾರದಿತ್ತೇ? ಹೇಳುವುದು ಹೇಗೆ, ಬಾಯಿ ತುಂಬ ನನ್ನ ಕೈ.

"ನೋವಾಗತ್ತಾ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಆಗತೈತ್ರಿ ಮೇಡಂ. ಈಗ ಚುಚ್ಚತೀನಿ. ಹತ್ತು ಎಣಸೂತನ ಇರತೈತಿ. ತಡಕೊಳ್ಳಾಕ ಆಗಲಿಲ್ಲಂದ್ರ ಕೈ ಎತ್ತರಿ, ನಿಲ್ಲಸ್ತೀನಿ."

ಈ ಕೈ ಎತ್ತಿ ಎನ್ನುವ ಮಾತನ್ನು ನಾನೂ ಎಲ್ಲರಿಗೂ ಹೇಳುತ್ತೇನೆ. ಅವರು ಎತ್ತುತ್ತಾರೆ. ಆಯ್ತು ಆಯ್ತು, ಇನ್ನೊಂದೇ ನಿಮಿಷ ಎಂದು ನಾನು ಕೆಲಸ ಮುಂದುವರಿಸುತ್ತೇನೆ. ಎತ್ತಿದ ಕೈಗೆ ಯಾವತ್ತಾದರೂ ನಿಲ್ಲಿಸಿದ್ದು ನೆನಪಿಲ್ಲ. ಅಂದು ನಾನು ಕೈ ಎತ್ತಿದೆ. ಅವಳು ನಿಲ್ಲಿಸಿದಳು. ಮತ್ತೆ ಎತ್ತಿದೆ, ಮತ್ತೆ ನಿಲ್ಲಿಸಿದಳು. ಮೂರನೆಯ ಸಲ ನೋವೇ ಇರಲಿಲ್ಲ, ಪರೀಕ್ಷೆ ಮಾಡೋಣವೆಂದು ಎತ್ತಿದೆ. ಆಗಲೂ ನಿಲ್ಲಿಸಿ, ಡ್ರಿಲ್ಲು ಹೊರಗಿಟ್ಟು, "ಹೇಳ್ರಿ ಮೇಡಂ" ಎಂದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದು ನೋವಿಗಲ್ಲ. ಕೈ ಎತ್ತಿ ಎತ್ತಿ ಸುಮ್ಮನಾದ ಎಷ್ಟು ಜನ ಇದೇ ಕುರ್ಚಿಯಲ್ಲಿ ಮಲಗಿದ್ದರು ಎಂದು ನೆನೆದು ಬಂದದ್ದು. ಇಪ್ಪತ್ತು ನಿಮಿಷದ ಕೆಲಸಕ್ಕೆ ಅವಳು ಐವತ್ತು ನಿಮಿಷ ತೆಗೆದುಕೊಂಡಳು. ಹಲ್ಲು ತುಂಬಿದ್ದು ಇವತ್ತಿಗೂ ಅಲ್ಲಾಡಿಲ್ಲ.

ಮರುದಿನ ಪತ್ರ ಸರಸರನೆ ಬಂತು. ಮೇಷ್ಟರ ಸಂಗತಿ ಬರೆದೆ, ಕೈ ಎತ್ತಿದ ಸಂಗತಿ ಬರೆದೆ, ನಿಧಾನ ಎಂಬುದನ್ನೂ ಮುಚ್ಚಿಡದೆ ಬರೆದೆ. ಕೊನೆಗೆ, ನಿಮಗೆ ಬಂದಿರುವ ಉಳಿದೆರಡು ಪತ್ರಗಳಲ್ಲಿ ವೀಣೆಯ ಮಾತಿದೆ, ಈಕೆಗೆ ವೀಣೆ ಬರುವುದಿಲ್ಲ, ಅದೇ ಪತ್ರಕ್ಕೆ ನಾನೂ ಹಲವು ಸಲ ಸಹಿ ಹಾಕಿದ್ದೇನೆ, ತಪ್ಪು ನಮ್ಮದು, ಈಕೆಯದಲ್ಲ ಎಂದು ಬರೆದೆ. ಬರೆದ ಮೇಲೆ ಎರಡು ಸಲ ಓದಿದೆ. ಆದರೂ ಅಳಿಸಲಿಲ್ಲ.

ಆನ್‌ಲೈನ್ ಫಾರಮ್ಮಿನ ಕಡೆಯಲ್ಲಿ ಒಂದು ಪ್ರಶ್ನೆ ಉಳಿದಿತ್ತು. ಈ ಅಭ್ಯರ್ಥಿಯನ್ನು ನಿಮ್ಮ ಸ್ವಂತ ಕ್ಲಿನಿಕ್ಕಿಗೆ ಸೇರಿಸಿಕೊಳ್ಳುವಿರಾ? ಆ ಕುರ್ಚಿಯಿಂದ ಎದ್ದಾಗಿನಿಂದ ನನ್ನ ಮನಸ್ಸಿನಲ್ಲಿ ಓಡುತ್ತಿದ್ದದ್ದೂ ಅದೇ. ನನಗೂ ವಯಸ್ಸಾಗುತ್ತಿದೆ, ನನ್ನ ನಂತರ ಕ್ಲಿನಿಕ್ ನೋಡಿಕೊಳ್ಳುವವರು ಯಾರೂ ಇಲ್ಲ. ಪತ್ರ ಸ್ವಲ್ಪ ಸಪ್ಪೆಯಾಗಿದ್ದರೆ ಅಲ್ಲಿ ಸೀಟು ಸಿಗುತ್ತಿರಲಿಲ್ಲ. ಊರಿಗೆ ಹೋಗುವ ಬದಲು ಇಲ್ಲೇ ಕೆಲಸಕ್ಕಿರು ಎಂದು ಅವಳ ಅಣ್ಣನ ಹತ್ತಿರ ನಾನೇ ಮಾತಾಡಬಹುದಿತ್ತು. ಅಂಥ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನಿಂದ ಬಗ್ಗಿ ನೋಡಿದ ಸಹಾಯಕಿಗೂ ಅದೇ ಬಂದಿರಬೇಕು. "ಹುಡುಗಿ ಹೋಗ್ಬಿಟ್ರೆ ನಮಗ್ಯಾರು ಮೇಡಂ?" ಎಂದು ಮೆಲ್ಲಗೆ ಕೇಳಿದಳು.

ಸೇರಿಸಿಕೊಳ್ಳುತ್ತೇನೆ, ನಾಳೆಯೇ, ಆದರೆ ಅವಳು ಬಯಸಿದ್ದು ನಿಮ್ಮನ್ನು ಎಂದು ಟೈಪು ಮಾಡಿ ಕಳುಹಿಸಿದೆ. ಅನ್ಯಾಯ ನನಗೇ ಆಯಿತು, ಮಾಡಿದವಳೂ ನಾನೇ, ಯಾರ ಮೇಲೆ ರೇಗಲಿ!

ಹುಡುಗಿ ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದಳು.

"ಗಂಟೆ ಎಲ್ಲಾ ಮುಗದಾವ್ರಿ ಮೇಡಂ. ನಾಳೆ ಬರೂದು ಬ್ಯಾಡಲ್ರಿ?" ಎಂದಳು.

"ಬಾ," ಎಂದೆ. "ಒಂಬತ್ತೂವರೆಗೇ ಬಾ. ಮೂಲೇಲಿ ನಿಲ್ಬೇಡ, ನನ್ನ ಪಕ್ಕ ಒಂದು ಸ್ಟೂಲ್ ಹಾಕಿಸ್ತೀನಿ."